ಹೊಸ ಸ್ಟೀರಿಯೊ

ಶಾನಭಾಗರು ನೈರೋಬಿಯಲ್ಲಿ ಕೊಂಡ ಕಾರು ಜಪಾನಿನಿಂದ ಬಂದಿದ್ದ ಹಳೆಯದು. ಜಪಾನಿನ ತರಂಗಗಳಿಗಷ್ಟೇ ಹೊಂದಿಸಿದ್ದ ಅದರ ರೇಡಿಯೊಗೆ ಅಲ್ಲಿನ ಒಂದು ಸ್ಟೇಷನ್ನೂ ಸಿಗುತ್ತಿರಲಿಲ್ಲ. ಶಾನಭಾಗರಿಗೇನೂ ಬೇಸರವಾಗಲಿಲ್ಲ. ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ತಾವೇ ಹಾಡತೊಡಗಿದರು. ಪಕ್ಕದಲ್ಲಿ ಹೆಂಡತಿ ಗಿರಿಜೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ತಮ್ಮ ಕಂಠಕ್ಕೆ ಮನಸೋತಿದ್ದಾಳೆಂದು ಅವರು ಇನ್ನೊಂದು ಚರಣ ಎಳೆಯುತ್ತಿದ್ದರು.

ಒಂದು ದಿನ ಗಿರಿಜೆ ತಾನೇ ಸ್ಕ್ರೂ ಬಿಚ್ಚಿ, ಸ್ಟೀರಿಯೊ ಹೊರಗೆಳೆದು, ಅದರ ಬೆನ್ನ ಮೇಲಿದ್ದ ಮಾಡೆಲ್ ನಂಬರು ಹಿಡಿದು, ಅದೇ ಅಳತೆಯ ಹೊಸದೊಂದನ್ನು ಗೊತ್ತುಮಾಡಿದಳು.

“ನಿಮ್ಮ ಗಂಟಲಿಗೂ ಸ್ವಲ್ಪ ವಿಶ್ರಾಂತಿ ಬೇಡ್ವೇನ್ರೀ?” ಎಂದಳು.

ಇಂಥ ಹೆಂಡತಿ ಇನ್ಯಾರಿಗಿದ್ದಾಳೆ ಎಂದು ಶಾನಭಾಗರ ಕಣ್ಣು ತುಂಬಿತು.

ಕಾರ್ ಸ್ಟೀರಿಯೊ ಅಂಗಡಿಯವನು ಹುಬ್ಬಳ್ಳಿಯವನೇ. ಹೊಸದನ್ನು ಕೂರಿಸಿ, ಹಾಡು ಹಚ್ಚಿ, “ಆವಾಜ್ ಇಷ್ಟ ಸಾಕೇನ್ರೀ ಅಕ್ಕಾರ?” ಎಂದು ಕೇಳಿದ.

“ತಡಿಯಪ್ಪ,” ಎಂದು ಗಿರಿಜೆ ಗಂಡನತ್ತ ತಿರುಗಿದಳು. “ರೀ, ನೀವೂ ಒಂದು ಹಾಡು ಹೇಳಿ.”

ಯಂತ್ರ ಬಂದರೂ ತಮ್ಮ ಹಾಡು ಬೇಕೆನ್ನುತ್ತಾಳಲ್ಲ! ಶಾನಭಾಗರು ಎದೆಯುಬ್ಬಿಸಿ ತಾರಕದಲ್ಲೇ ಎತ್ತಿಕೊಂಡರು. ಗಿರಿಜೆ ತಲೆ ವಾಲಿಸಿ, ಗಮನವಿಟ್ಟು ಕೇಳಿದಳು. ಆಮೇಲೆ ಅಂಗಡಿಯವನಿಗೆ ಹೇಳಿದಳು:

“ಇಲ್ಲಪ್ಪ, ಇವರದ್ದು ಇನ್ನೂ ಕೇಳಿಸ್ತಾ ಇದೆ. ಸ್ವಲ್ಪ ಜೋರು ಮಾಡು.”