ಹಿಟ್ ಅಂದರೆ

"ಶಿ ಹಿಟ್ ಹರ್ ಹೆಡ್ ಆನ್ ದ ಡೋರ್," ಎಂದ ಮಧುಸೂದನ್. ಡ್ಯೂಟಿ ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ತಲೆಯಾಡಿಸಿ ಹಾಗೆಯೇ ಬರೆದುಕೊಂಡರು. ಚಾಮರಾಜಪೇಟೆಯ ಆ ಪುಟ್ಟ ನರ್ಸಿಂಗ್ ಹೋಮಿನ ಮಂಚದ ಮೇಲೆ ಕೂತು, ಟವೆಲನ್ನು ಹುಬ್ಬಿನ ಮೇಲೆ ಒತ್ತಿ ಹಿಡಿದಿದ್ದ ಅವನ ಹೆಂಡತಿ ತ್ರಿಪುರಸುಂದರಿಗೆ ಅಷ್ಟು ವೇಗದ ಇಂಗ್ಲಿಷಿನಲ್ಲಿ ಸಿಕ್ಕಿದ್ದು ಮೂರೇ ಪದ: ಹಿಟ್, ಹೆಡ್, ಡೋರ್. ಹಿಟ್ ಅಂದರೆ ಹೊಡೆಯುವುದು. ಅಷ್ಟು ಅವಳಿಗೆ ಗೊತ್ತಿತ್ತು.

ಒಪ್ಪಿಕೊಂಡುಬಿಟ್ಟರು! ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅದೂ ಹೊರಗಿನವರ ಎದುರಿಗೆ. ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಮನೆಗೆ ಹೋದವಳೇ ಅವರಿಗೆ ಬಿಸಿಬಿಸಿ ಸಾರು ಮಾಡಬೇಕು ಎಂದು ಕೂಡ ಅಂದುಕೊಂಡಳು.

ಹೊಲಿಗೆ ಹಾಕುವ ಸಾಮಾನು ತರಲು ಅವನು ಕೆಳಗಿನ ಮೆಡಿಕಲ್ ಷಾಪಿಗೆ ಇಳಿದ. ನರ್ಸ್ ರಂಜಿನಿ ಸಹಿ ಮಾಡಿಸಲು ಕಾಗದ ತಂದಳು.

"ನಮ್ಮನೆಯವರು ಹೇಳಿದ್ದನ್ನ ಹಾಗೇ ಬರ್ಕೊಂಡಿದಾರಾ ಸಿಸ್ಟರ್?"

"ಹೂಂ ಮೇಡಂ. ನೀವು ಬಾಗಿಲಿಗೆ ತಲೆ ಹೊಡ್ಕೊಂಡ್ರಿ ಅಂತ."

"ಹೊಡ್ಕೊಂಡೆ ಅಂತಾನಾ? ಹಿಟ್ ಅಂದ್ರಲ್ಲ?"

"ಅದಕ್ಕೂ ಹಿಟ್ ಅಂತಾನೇ ಅನ್ನೋದು. ಇಲ್ಲಿ ಮೊದಲಿಗೆ ಶಿ ಅಂತಿದೆ ನೋಡಿ, ಅಂದ್ರೆ ನೀವೇ." ರಂಜಿನಿ ತಲೆಯೆತ್ತಿ ಅವಳ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಹೀ ಅಂತ ಇರ್ಬೇಕಿತ್ತಾ?"

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ತ್ರಿಪುರಸುಂದರಿ ಟವೆಲನ್ನು ಮಡಿಲಿಗೆ ಬಿಟ್ಟು ಪೆನ್ನು ಇಸಿದುಕೊಂಡಳು.

"ಇನ್ನೂ ಸೈನ್ ಆಗಿಲ್ವಾ? ಎಲ್ಲಿ ಅಂತ ತೋರ್ಸಿ ಅವಳಿಗೆ," ಎಂದ ಮಧುಸೂದನ್, ಬಾಗಿಲಿನಿಂದಲೇ.

ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷ್ ಅವಳಿಗಿತ್ತು. ಆ ವಾಕ್ಯ ಹುಡುಕಿ, ಅದರ ಮೊದಲಿಗಿದ್ದ ಎಸ್ ಎಂಬ ಒಂದೇ ಅಕ್ಷರವನ್ನು ಹೊಡೆದುಹಾಕಿದಳು. ಉಳಿದದ್ದು ಹೀ. ಕೆಳಗೆ ಕನ್ನಡದಲ್ಲಿ ತನ್ನ ಪೂರ್ತಿ ಹೆಸರು ಬರೆದು, ಕಾಗದವನ್ನು ಗಂಡನ ಮುಂದೆಯೇ ಡಾಕ್ಟರ ಕೈಗೆ ಕೊಟ್ಟಳು.

ಡಾಕ್ಟರು ಓದಿದರು. ಇನ್ನೊಮ್ಮೆ ಓದಿ ಅವಳ ಹುಬ್ಬು ನೋಡಿದರು.

"ಪ್ಲೀಸ್ ವೇಟ್ ಔಟ್‌ಸೈಡ್," ಎಂದರು ಮಧುಸೂದನನಿಗೆ.

"ಡಾಕ್ಟರ್, ಹರ್ ಇಂಗ್ಲಿಷ್..."

"ಔಟ್‌ಸೈಡ್."

ರಂಜಿನಿ ಮಂಚದ ಸುತ್ತ ಪರದೆ ಎಳೆದಳು. ಪರದೆಯ ಕೆಳಗೆ ಅವನ ಬೂಟುಗಳು ಕದಲದೆ ನಿಂತಿದ್ದವು.

"ಇಲ್ಲಿಂದ ಯಾರ ಜೊತೆ ಹೋಗ್ತೀರಾ?" ಅವಳು ಪಿಸುಗುಟ್ಟಿದಳು.

"ಓಕಳಿಪುರಂನಲ್ಲಿ ನನ್ನ ತಂಗಿ ಇದಾಳೆ. ನಂಬರ್ ಬರ್ಕೊಳ್ಳಿ," ಎಂದು ತ್ರಿಪುರಸುಂದರಿ ಪರದೆಯಾಚೆಗೂ ಕೇಳುವಂತೆ ಒಂದೊಂದೇ ಅಂಕಿ ಹೇಳತೊಡಗಿದಳು.