ಒಡೆಯದ ನಿಂಬೆಹಣ್ಣು

ಹಿಂದಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಪಚಕ್ಕನೆ ಒಡೆಯಬೇಕಿತ್ತು, ಒಡೆಯಲಿಲ್ಲ. ಹಸಿರು ಬಾವುಟ ಬೀಸಿದೊಡನೆ ನೀಲಾಂಬಿಕೆ ಕ್ಲಚ್ ಬಿಟ್ಟಿದ್ದಳು, ಎಂಜಿನ್ ಕಿರುಚಿತ್ತು, ಕಾರು ಮಾತ್ರ ಇದ್ದಲ್ಲೇ ಸೊಂಟ ಕುಣಿಸಿ ನಿಂತಿತು.

ಲಿವರ್‌ಮೋರ್ ಊರಿನಾಚೆಯ ಈ ಹಳೇ ರನ್‌ವೇ ಮೇಲೆ ಒಂದು ಮೈಲಿ ನೇರ ಓಡಿಸಿ ವೇಗ ಅಳೆಸಿಕೊಳ್ಳಲು ಸಿಗುವುದು ವರ್ಷಕ್ಕೊಂದೇ ದಿನ. ಹೋದ ವರ್ಷದ ದಿನವನ್ನು ಮಳೆ ನುಂಗಿತ್ತು. ಇವತ್ತೂ ಜಿಟಿಜಿಟಿ ಹಿಡಿದಿತ್ತು, ಆದರೆ ಓಡಿಸುವುದು ಬಿಡುವುದು ನಿಮ್ಮಿಷ್ಟ ಎಂದಿದ್ದರು ಓಟ ನಡೆಸುವ ಕ್ಲಬ್ಬಿನವರು. ಬಾವುಟದವನು ಹೋಗು ಹೋಗು ಎಂದು ಮತ್ತೆ ಕೈಬೀಸಿದ. ಸರದಿಯಲ್ಲಿ ಹಿಂದೆ ನಿಂತಿದ್ದ ಗಡ್ಡದವನು ತನ್ನ ಪಿಕಪ್ ಟ್ರಕ್ಕಿನ ಹಾರನ್ ಒತ್ತಿದ. ನಿಂಬೆಹಣ್ಣು ಇಡುವುದನ್ನು ನೋಡಿ ನಕ್ಕವನೂ ಅವನೇ.

ಅತ್ತೆ ಶರಣವ್ವ ಕೊಡೆ ಬಿಸಾಕಿ ಓಡಿಬಂದು, ಚಿಮ್ಮಿ ಬಿದ್ದಿದ್ದ ಹಣ್ಣನ್ನು ಕಿಟಕಿಗೆ ಹಿಡಿದಳು. "ಒಡದಿಲ್ಲ ನೋಡವಾ. ಇನ್ನೊಮ್ಮೆ ಇಡ್ಲೇನು?"

ನೀಲಾಂಬಿಕೆಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯ್ತೆರೆದವಳು ಹಣ್ಣನ್ನು ಕಂಡು ತಡೆದಳು. ಸಿಪ್ಪೆಗೆ ಟೈರಿನ ಕಪ್ಪು ಮೆತ್ತಿತ್ತು, ಒಂದು ಬಿರುಕೂ ಇರಲಿಲ್ಲ. ಸಾವಿರ ಕಿಲೋ ಭಾರದ ಕಾರು ಒಂದು ನಿಂಬೆಹಣ್ಣನ್ನು ತುಳಿಯಲಾರದೆ, ಒದ್ದೆ ನೆಲದಲ್ಲಿ ಚಕ್ರ ಜಾರಿಸಿ ನಿಂತಿತ್ತು. ಇನ್ನು ಗಂಟೆಗೆ ನೂರೈವತ್ತು ಮೈಲಿ ವೇಗದಲ್ಲಿ? ಅವಳು ಕೀ ತಿರುಗಿಸಿ ಎಂಜಿನ್ ಆರಿಸಿದಳು.

"ಅಪಶಕುನ ಅಂತೇನವಾ?"

"ಅಲ್ರೀ ಅತ್ತಿ, ಗ್ರಿಪ್ಪೇ ಇಲ್ಲ."

ಗಡ್ಡದವನು ಜಗಳಕ್ಕೆಂದೇ ಇಳಿದು ಬಂದ. ಹಣ್ಣನ್ನು ಕಸಿದು ತಿರುಗಿಸಿ ನೋಡಿದ, ಹೊಳೆಯುತ್ತಿದ್ದ ರನ್‌ವೇಯನ್ನೂ ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಶರಣವ್ವನ ಅಂಗೈಗೆ ಮರಳಿಸಿ, ತನ್ನ ಟ್ರಕ್ಕಿನ ಹಿಂದಿನ ಚಕ್ರದತ್ತ ಬೆರಳು ತೋರಿಸಿದ.