ಗಂಟೆ ಹೊಡೆಯುವವರೆಗೆ

"ಈ ಹಾಳು ಫ್ಯಾನನ್ನ ನನ್ನ ತಲೆಗೆ ಕಟ್ಟಿದ್ದು ಯಾರ್ರೀ? ನೀವೇ ತಾನೆ?" ಪರೀಕ್ಷಕರು ಮೇಜು ಗುದ್ದಿದರು. ಮೇಜಿನ ಮೇಲೆ ಫ್ಯಾನೂ ಇರಲಿಲ್ಲ, ಅದು ಅಂಗಡಿಯೂ ಆಗಿರಲಿಲ್ಲ. ಉದ್ಯೋಗ ತರಬೇತಿ ಕೇಂದ್ರದ ಮೂರನೇ ಕೋಣೆ. ನಡೆಯುತ್ತಿದ್ದದ್ದು ನಡವಳಿಕೆಯ ಪರೀಕ್ಷೆ. ಪರೀಕ್ಷಕರು ಸಿಟ್ಟಿಗೆದ್ದ ಗಿರಾಕಿಯಾಗಿ ಕೂಗಾಡಬೇಕು, ಎದುರು ನಿಂತ ಅವಳು ಕೌಂಟರಿನವಳಾಗಿ ಆರು ನಿಮಿಷ ನಗುಮುಖದಿಂದ ತಡೆದುಕೊಳ್ಳಬೇಕು. ಹಿಂದಿನ ಬೆಂಚಿನಲ್ಲಿ ಪಾಠ ಹೇಳುವ ಮೇಡಂ ಅಂಕಪಟ್ಟಿ, ಗಂಟೆ ಇಟ್ಟುಕೊಂಡು ಕೂತಿದ್ದರು. ಗಂಟೆ ಹೊಡೆಯುವ ಮೊದಲು ಪಾತ್ರ ಬಿಟ್ಟವರು ನಪಾಸು.

ಅವಳು ಆಗಲೇ ಎರಡು ಸಲ ನಪಾಸಾಗಿದ್ದಳು. ಮೊದಲ ಸಲ ಬೈಗುಳ ತಾಳಲಾರದೆ ಅತ್ತುಬಿಟ್ಟಿದ್ದಳು. ಎರಡನೇ ಸಲ ಪರೀಕ್ಷಕರು ಎದೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದಾಗ, ಅಯ್ಯೋ ಎಂದು ಓಡಿಹೋಗಿ ಹಿಡಿದುಕೊಂಡಿದ್ದಳು. ಅವರು ಎದ್ದು ಅಂಗಿ ಕೊಡವಿಕೊಂಡು, "ಗಾಬರಿ ಬಿದ್ರಿ. ಸೊನ್ನೆ," ಎಂದಿದ್ದರು. ಹುಡುಗಿಯರು ಅವರಿಗೆ ನಾಟಕದ ಮೇಷ್ಟ್ರು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮೂರನೇ ಸಲ ತಪ್ಪಿದರೆ ಮತ್ತೆ ಅವಕಾಶವಿಲ್ಲ. ಪಾಸಾದ ಸರ್ಟಿಫಿಕೇಟ್ ತರಲಿ ಎಂದು ಕನ್ನಡಕದ ಅಂಗಡಿಯವರು ಅವಳಿಗಾಗಿ ಕೆಲಸ ಹಿಡಿದಿಟ್ಟಿದ್ದು ಸೋಮವಾರದವರೆಗೆ ಮಾತ್ರ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಕಳೆದ ನಾಲ್ಕು ವರ್ಷದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಬೆಳಿಗ್ಗೆ ಮಗಳು ಜಡೆ ಹಾಕಿಸಿಕೊಳ್ಳುತ್ತಲೇ ಪಾಠ ಹೇಳಿದ್ದಳು: "ಅಮ್ಮಾ, ಅವ್ರು ಏನೇ ಮಾಡ್ಲಿ, ಬಿದ್ದು ಹೊರಳಾಡ್ಲಿ, ನೀನು ಮಾತ್ರ ನಗ್ತಾ ಇರು. ಗೊತ್ತಾಯ್ತಾ?"

"ನಿಮ್ಮ ತೊಂದರೆ ನನಗೆ ಅರ್ಥವಾಗ್ತಿದೆ ಸರ್, ದಯವಿಟ್ಟು ಸಮಾಧಾನ ಮಾಡ್ಕೊಳ್ಳಿ," ಎಂದಳು ಅವಳು.

"ಏನು ಅರ್ಥವಾಗೋದು, ಮಣ್ಣು! ರೆಕ್ಕೆ ತಿರುಗಲ್ಲ, ಬರೀ ಗೊರಕೆ ಹೊಡಿಯುತ್ತೆ. ನಿಮ್ಮ ಮಾಲೀಕನ್ನ ಕರೀ... ಕಯ್ಯೀ..."

ಮಾತು ತೊದಲಿತು. ಅವರು ತಡೆದು ಮತ್ತೆ ಶುರು ಮಾಡಿದರು. ಮತ್ತೆ ಅಲ್ಲಿಗೇ ಬಂದು ಎಡವಿದರು. ಕುಡಿದು ಬಂದ ಗಿರಾಕಿ, ಎಂದುಕೊಂಡಳು ಅವಳು. ಇವತ್ತಿನ ಪಟ್ಟು ಇದು. ನಗುವನ್ನು ಇದ್ದಲ್ಲೇ ಇಟ್ಟುಕೊಂಡಳು. ಹಿಂದೆ ಮೇಡಂ ಪೆನ್ನು ಗೀಚಿದ ಸದ್ದಾಯಿತು.

ಆಮೇಲೆ ಅವರ ಎಡಗೈ ಮೇಜಿನ ಅಂಚಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಅವರು ತಲೆ ಬಗ್ಗಿಸಿ ಅದನ್ನೇ ನೋಡಿದರು. "ಇದು... ಯಾರ ಕೈ?" ಎಂದು ಮೆಲ್ಲಗೆ ಕೇಳಿದರು.

ಮೇಡಂ ಕಿಸಕ್ಕನೆ ನಕ್ಕರು. ಅವಳು ಮಾತ್ರ ಅವರ ಮುಖವನ್ನೇ ನೋಡಿದಳು. ಅವರ ತುಟಿಯ ಎಡ ತುದಿ ಜೋತುಬಿದ್ದಿತ್ತು, ಅಲ್ಲಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಲಕ್ವ ಹೊಡೆದ ಅತ್ತೆಯ ತುಟಿಯ ಅದೇ ಮೂಲೆಯನ್ನು ನಾಲ್ಕು ವರ್ಷ, ಒಂದೊಂದು ತುತ್ತಿಗೂ ಒರೆಸಿದವಳು ಅವಳು. ಇದನ್ನು ಯಾರಾದರೂ ನಟಿಸಲು ಆಗುತ್ತದೆಯೇ? ಇವರಿಗೆ ಆಗಬಹುದು. ಎದೆನೋವನ್ನು ಅಷ್ಟು ಚೆನ್ನಾಗಿ ಮಾಡಿದವರಿಗೆ ಇದೇನು ಮಹಾ? ಮುಟ್ಟಿದರೆ ಸೊನ್ನೆ. ಮುಟ್ಟದಿದ್ದರೆ? ಗೋಡೆಯ ಗಡಿಯಾರ ನೋಡಿದಳು. ಇನ್ನು ಎರಡೇ ನಿಮಿಷ ತಾನೆ, ಎಂದಿತು ಮನಸ್ಸು. ಕೆನ್ನೆ ನೋಯುತ್ತಿತ್ತು. ಆದರೂ ನಗುತ್ತಲೇ ನಿಂತಳು.

ಅವರು ತಲೆಯೆತ್ತಿದರು. ಕಣ್ಣಿನ ಸಿಟ್ಟು ಆರಿಹೋಗಿತ್ತು. ಗುರುತಿಲ್ಲದ ಮನೆಯಲ್ಲಿ ನಿದ್ದೆಯಿಂದೆದ್ದ ಮಗು ಅಮ್ಮನನ್ನು ಹುಡುಕುವ ಹಾಗೆ ಅವಳ ಮುಖದ ಮೇಲೆ ಆ ಕಣ್ಣುಗಳು ಅಲೆದವು.

"ಸರ್, ಎರಡೂ ಕೈ ಮೇಲೆತ್ತಿ," ಎಂದಳು.

ಒಂದೇ ಕೈ ಮೇಲೆದ್ದಿತು.

"ಮೇಡಂ! ಆಂಬುಲೆನ್ಸ್‌ಗೆ ಫೋನ್ ಮಾಡಿ!"

"ಪಾತ್ರ ಬಿಡ್ಬೇಡಿ ಅಕ್ಕಾ," ಮೇಡಂ ಪಿಸುಗುಟ್ಟಿದರು. "ಗಂಟೆ ಇನ್ನೂ ಹೊಡೆದಿಲ್ಲ..."

"ನಿಮ್ಮ ಗಂಟೆಗಿಷ್ಟು ಬೆಂಕಿ ಹಾಕ! ಫೋನ್ ಎತ್ರೀ ಮೊದ್ಲು!" ಮೇಜು ಸುತ್ತಿ ಓಡಿದವಳೇ, ಅವರು ಕುರ್ಚಿಯಿಂದ ಉರುಳುವ ಮೊದಲು ಎರಡೂ ತೋಳಿನಿಂದ ಬಾಚಿ ಹಿಡಿದಳು. ನೆಲಕ್ಕೆ ಇಳಿಸಿ, ಪಕ್ಕಕ್ಕೆ ಹೊರಳಿಸಿ, ಹೆಬ್ಬೆರಳಿನಿಂದ ಬಾಯಿ ಒರೆಸಿದಳು. ಆ ಭಾರ ನಟನೆಯ ಭಾರವಾಗಿರಲಿಲ್ಲ.

ಆಂಬುಲೆನ್ಸಿನವರು ಬಂದು ಸ್ಟ್ರೆಚರ್ ಮೇಲೆ ಮಲಗಿಸಿದರು. ಅವರಲ್ಲೊಬ್ಬ ಕೇಳಿದ, "ಮಾತು ತೊದಲೋಕೆ ಶುರುವಾಗಿದ್ದು ಯಾವಾಗ? ಸರಿಯಾಗಿ ಹೇಳಿ, ಡಾಕ್ಟರಿಗೆ ಬೇಕು."

ಮೇಡಂ ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ನಾನು ಫೋನ್ ಮಾಡಿ ಅಂತ ಕೂಗ್ಕೊಳ್ಳೋದಕ್ಕೆ ಎರಡು ನಿಮಿಷ ಮೊದಲು," ಎಂದಳು ಅವಳು.

"ಎರಡು ನಿಮಿಷ ಏನ್ಮಾಡ್ತಿದ್ರಿ?"

"ನಗ್ತಾ ಇದ್ದೆ."

ಅವನು ಅದನ್ನು ಬರೆದುಕೊಂಡು ಸ್ಟ್ರೆಚರ್ ಎತ್ತಿದ. "ಅಕ್ಕಾ, ನಿಮ್ಮ ಸರ್ಟಿಫಿಕೇಟ್..." ಮೇಡಂ ಅವಳ ಹಿಂದೆ ಬಂದರು. "ಅದಕ್ಕೆ ಇವರ ಸಹಿನೇ ಆಗ್ಬೇಕು. ಸೋಮವಾರದೊಳಗೆ..." ಅವಳು ಸ್ಟ್ರೆಚರಿನಿಂದ ಹೊರಗೆ ಜೋತಿದ್ದ ಎಡಗೈಯನ್ನು ಎತ್ತಿ ಅವರ ಎದೆಯ ಮೇಲಿಟ್ಟು, ಜಾರದಂತೆ ಹಿಡಿದುಕೊಂಡೇ ಹೆಜ್ಜೆ ಹಾಕಿದಳು.

ಬಾಗಿಲು ತೆರೆಯಿತು. ಪಡಸಾಲೆಯ ಗೋಡೆಗುಂಟ ಸರದಿ ಕಾಯುತ್ತಿದ್ದ ಹನ್ನೊಂದು ಜನ ಸ್ಟ್ರೆಚರ್ ಮೇಲೆ ನಾಟಕದ ಮೇಷ್ಟ್ರನ್ನು ಕಂಡದ್ದೇ ಎದ್ದು ನಿಂತರು. ಮೇಷ್ಟ್ರು ಈ ಸಲ ಆಂಬುಲೆನ್ಸನ್ನೇ ಕರೆಸಿಬಿಟ್ಟಿದ್ದಾರೆ ಎಂದುಕೊಂಡರು. ಒಬ್ಬರ ಮುಖದಲ್ಲೂ ಗಾಬರಿ ಇಲ್ಲ. ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ, ಅಳತೆಗೆ ಸರಿಯಾಗಿ ಹಲ್ಲು ಬಿಟ್ಟರು. ಸಾಲಿನ ಕೊನೆಯ ಹುಡುಗಿ ಒಂದು ಹೆಜ್ಜೆ ಮುಂದೆ ಬಂದು, ನಡು ಬಗ್ಗಿಸಿ, ಆ ಸೊಟ್ಟಗಾದ ಮುಖವನ್ನೇ ನೋಡುತ್ತಾ ಇಂಪಾಗಿ ಕೇಳಿದಳು:

"ನಮಸ್ಕಾರ ಸರ್, ನಾನು ನಿಮಗೆ ಏನು ಸಹಾಯ ಮಾಡಲಿ?"